ಬೆಲೆ ಹೇಳುವ ಬೀದಿ

ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಮುಖ್ಯಮಂತ್ರಿಗಳ ಗೃಹಕಚೇರಿ ‘ಕೃಷ್ಣಾ’ ಇದೆ, ಸರ್ಕಾರಿ ಅತಿಥಿಗೃಹ ಇದೆ, ಪಂಚತಾರಾ ಹೋಟೆಲ್ ಇದೆ. ವರ್ಷದ ಉಳಿದ ದಿನಗಳಲ್ಲಿ ಇಲ್ಲಿ ಬೆಂಗಾವಲು ವಾಹನದ ಸೈರನ್ ಕೇಳಿದರೆ ಸ್ಕೂಟರಿನವರು ಪಕ್ಕಕ್ಕೆ ಸರಿಯುತ್ತಾರೆ. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರ ಮಾತ್ರ ಶಿವಾನಂದ ವೃತ್ತದ ಹತ್ತಿರವೇ ಬ್ಯಾರಿಕೇಡ್ ಬೀಳುತ್ತದೆ. ಅದನ್ನು ದಾಟಿದರೆ ವಿಂಡ್ಸರ್ ಮ್ಯಾನರ್ ಹೋಟೆಲ್ ಕಡೆಯ ತನಕ ರಸ್ತೆಯ ಎರಡೂ ಬದಿ ಚಿತ್ರಗಳು. ಕಾಂಪೌಂಡಿಗೆ ಒರಗಿಸಿದವು, ಗ್ರಿಲ್ಲಿಗೆ ಕಟ್ಟಿದವು, ಈಸೆಲ್ ಏರಿದವು, ನೆಲದ ಮೇಲೆ ಹಾಸಿದ ಬೆಡ್‌ಶೀಟಿನಲ್ಲಿ ಸಾಲಾಗಿ ಮಲಗಿದವು. ಪ್ರತಿ ಚಿತ್ರದ ಪಕ್ಕದಲ್ಲಿ ಅದನ್ನು ಬರೆದವರೇ ನಿಂತಿರುತ್ತಾರೆ. ಇದು ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ.

ಎಂ. ಆರ್ಯಮೂರ್ತಿ, ಪ್ರೊ. ಎಂ.ಎಸ್. ನಂಜುಂಡರಾವ್ ಮೊದಲಾದವರ ಆಸಕ್ತಿಯಿಂದ 1960ರಲ್ಲಿ ಹುಟ್ಟಿದ ಪರಿಷತ್ತು ಈ ಸಂತೆಯನ್ನು ಶುರು ಮಾಡಿದ್ದು 2000ದ ದಶಕದ ಆರಂಭದಲ್ಲಿ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವವರ ಮನೆಗೂ ಒಂದು ಕಲಾಕೃತಿ ಹೋಗಲಿ ಎಂಬುದು ಆಶಯ. ಈಗ ಒಂದೂವರೆ ಸಾವಿರದಷ್ಟು ಕಲಾವಿದರು ಬರುತ್ತಾರೆ. ಕಲಬುರಗಿ, ಧಾರವಾಡ, ಮೈಸೂರಿನವರ ಪಕ್ಕದಲ್ಲೇ ಹೊರರಾಜ್ಯಗಳವರೂ ಇರುತ್ತಾರೆ. ಪ್ರತಿ ವರ್ಷದ ಸಂತೆಗೆ ಒಂದು ಅರ್ಪಣೆ ಇರುತ್ತದೆ. 2020ರದು ರೈತರಿಗೆ, 2024ರದು ಇಸ್ರೊ ವಿಜ್ಞಾನಿಗಳಿಗೆ, 2025ರದು ಹೆಣ್ಣುಮಕ್ಕಳಿಗೆ. ಸಂತೆ ನಡೆಯುವುದು ಒಂದೇ ದಿನ. ಸಂಜೆ ಕವಿದರೆ ಎಲ್ಲ ಮುಗಿಯಿತು.

ಜನ ಸೇರುವ ಮೊದಲೇ ಹೋದರೆ ಸಂತೆಯ ಇನ್ನೊಂದು ಮುಖ ಕಾಣುತ್ತದೆ. ರಾತ್ರಿ ಬಸ್ಸು, ರೈಲಿನಲ್ಲಿ ಬಂದವರು ಕಣ್ಣುಜ್ಜಿಕೊಳ್ಳುತ್ತ ತಮ್ಮ ಮಳಿಗೆಯ ನಂಬರು ಹುಡುಕುತ್ತಿರುತ್ತಾರೆ. ಆಟೊದಿಂದ ಇಳಿಯುವ ಸಾಮಾನು ನೋಡಿಯೇ ಯಾರು ಹಳಬರು, ಯಾರು ಹೊಸಬರು ಎಂದು ಹೇಳಬಹುದು. ಹೊಸಬರು ದೊಡ್ಡ ದೊಡ್ಡ ಫ್ರೇಮು ಹೊತ್ತು ತಂದಿರುತ್ತಾರೆ. ಹಳಬರ ಕೈಯಲ್ಲಿ ಕ್ಯಾನ್ವಾಸ್ ಸುತ್ತಿಟ್ಟ ಪ್ಲಾಸ್ಟಿಕ್ ಪೈಪು, ಒಂದು ಚೀಲದಲ್ಲಿ ನೈಲಾನ್ ಹಗ್ಗ, ಕ್ಲಿಪ್ಪು, ಟೇಪು, ಕತ್ತರಿ, ಬಬಲ್ ರ್‍ಯಾಪ್, ಇನ್ನೊಂದರಲ್ಲಿ ನೀರಿನ ಬಾಟಲಿ. ಬಾಟಲಿ ಬಾಯಾರಿಕೆಗೂ ಹೌದು, ಗಾಳಿಗೆ ಈಸೆಲ್ ಮಗುಚದಂತೆ ಅದರ ಕಾಲಿಗೆ ಕಟ್ಟುವುದಕ್ಕೂ ಹೌದು. ಯುಪಿಐ ಕ್ಯೂಆರ್ ಕೋಡನ್ನು ಕೆಲವರು ಕುತ್ತಿಗೆಗೇ ನೇತುಹಾಕಿಕೊಂಡಿರುತ್ತಾರೆ. ಮೊದಲು ಹೊಂದಿಸಿಕೊಳ್ಳುವುದು ಚಿತ್ರವನ್ನಲ್ಲ, ನೆರಳನ್ನು. ಮರದ ಕೆಳಗೆ ಜಾಗ ಸಿಕ್ಕವರು ಅದೃಷ್ಟವಂತರು. ಬಯಲಲ್ಲಿ ಸಿಕ್ಕವರು ಕೊಡೆ ಬಿಚ್ಚಿ ಜಲವರ್ಣದ ಮೇಲೆ ಹಿಡಿದು, ತಾವು ಬಿಸಿಲಲ್ಲಿ ನಿಲ್ಲುತ್ತಾರೆ. ಗಾಜು ಹಾಕಿಸಿದ ಚಿತ್ರದ್ದು ಬೇರೆ ಕಷ್ಟ. ಹನ್ನೊಂದು ಗಂಟೆಯ ಬಿಸಿಲಿಗೆ ಚಿತ್ರದಲ್ಲಿ ನೋಡುವವರಿಗೆ ತಮ್ಮ ಮುಖವೇ ಕಾಣುತ್ತದೆ.

ಹತ್ತು ಗಂಟೆ ದಾಟುತ್ತಿದ್ದಂತೆ ರಸ್ತೆ ತುಂಬುತ್ತದೆ. ಆಮೇಲೆ ಇಡೀ ದಿನ ಈ ಬೀದಿಯಲ್ಲಿ ಹೆಚ್ಚು ಕೇಳಿಸುವ ಮಾತು ಒಂದೇ: “ಇದಕ್ಕೆಷ್ಟು?”

ಕಲಾವಿದರ ಬೆವರಿಳಿಸುವ ಪ್ರಶ್ನೆ ಇದು. ಗ್ಯಾಲರಿಯಲ್ಲಿ ಬೆಲೆಯನ್ನು ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಅಚ್ಚಾಗಿರುತ್ತದೆ, ಮಾತಾಡುವವರು ಬೇರೆ ಇರುತ್ತಾರೆ, ಮಾರಾಟವಾದರೆ ಚಿತ್ರದ ಪಕ್ಕ ಕೆಂಪು ಚುಕ್ಕೆ ಬೀಳುತ್ತದೆ. ಇಲ್ಲಿ ಎದುರಿಗಿರುವವರ ಕಣ್ಣು ನೋಡಿ ಹೇಳಬೇಕು. “ಆರು ಸಾವಿರ ಸಾರ್” ಎಂದವರು ಆ ಕಣ್ಣು ಸ್ವಲ್ಪ ಅಗಲವಾದದ್ದು ಕಂಡೊಡನೆ “ನೀವಾದರೆ ಐದಕ್ಕೆ ಕೊಡೋಣ” ಅನ್ನುತ್ತಾರೆ. ಕೊಳ್ಳುವವರು ಇನ್ನೂ ಚೌಕಾಸಿಯನ್ನೇ ಶುರು ಮಾಡಿರುವುದಿಲ್ಲ. ಹಾಗಾಗಿ ಎಷ್ಟೋ ಮಳಿಗೆಗಳಲ್ಲಿ ವ್ಯವಹಾರ ಮನೆಯವರ ಪಾಲು. ಗಂಡ ಬರೆದದ್ದನ್ನು ಹೆಂಡತಿ ಮಾರುತ್ತಾರೆ, ಅಕ್ಕ ಬರೆದದ್ದನ್ನು ತಮ್ಮ. ಬರೆದವರು ಹಿಂದೆ ಕುರ್ಚಿಯಲ್ಲಿ ಕೂತು ಸ್ಕೆಚ್‌ಬುಕ್ಕಿನಲ್ಲಿ ತಲೆ ತಗ್ಗಿಸಿಕೊಂಡಿರುತ್ತಾರೆ. ತಮ್ಮ ಕೆಲಸಕ್ಕೆ ತಾವೇ ಬೆಲೆ ಕಟ್ಟುವುದಕ್ಕಿಂತ ಇನ್ನೊಬ್ಬರ ಕೆಲಸಕ್ಕೆ ಬೆಲೆ ಕಟ್ಟುವುದು ಸುಲಭ. ಮನೆಯವರ ಬಾಯಲ್ಲಿ ಆ ಬೆಲೆ ನಡುಗುವುದಿಲ್ಲ.

ಬೆಲೆಗೆ ಲೆಕ್ಕವೂ ಇದೆ. ಹಲವು ಕಲಾವಿದರು ಚದರ ಇಂಚಿಗೆ ಇಷ್ಟು ಎಂದು ಹಿಡಿಯುತ್ತಾರೆ. ಹನ್ನೆರಡು ಇಂಚು ಅಗಲ, ಹದಿನಾರು ಇಂಚು ಎತ್ತರದ ಚಿತ್ರವೆಂದರೆ 192 ಚದರ ಇಂಚು. ಇಂಚಿಗೆ 20 ರೂಪಾಯಿ ಎಂದರೆ 3,840 ರೂಪಾಯಿ. ಇದರ ಮೇಲೆ ಫ್ರೇಮಿನ ಖರ್ಚು. ನ್ಯಾಯವಾಗಿ ಕಾಣುವ ಈ ಲೆಕ್ಕ ಚಿಕ್ಕ ಚಿತ್ರಕ್ಕೆ ಬಂದಾಗ ಮುಗ್ಗರಿಸುತ್ತದೆ. ಅಂಗೈಯಗಲದ ಚಿತ್ರಕ್ಕೂ ಯೋಚನೆ ಅಷ್ಟೇ ಬೇಕು, ಕಣ್ಣಿಗೆ ಶ್ರಮ ಇನ್ನೂ ಹೆಚ್ಚು. ಆದ್ದರಿಂದ ಚಿಕ್ಕದಕ್ಕೆ ಇಂಚಿನ ದರ ಏರಿಸಬೇಕು, ತೀರಾ ದೊಡ್ಡದಕ್ಕೆ ಇಳಿಸಬೇಕು. ಬಸ್ ಚಾರ್ಜು, ಸಾಗಾಟ, ಮಾರಾಟವಾಗದೆ ವಾಪಸು ಹೋಗುವ ಚಿತ್ರಗಳ ಖರ್ಚು ಇವೆಲ್ಲ ಮಾರಾಟವಾದ ಚಿತ್ರದ ತಲೆಯ ಮೇಲೇ ಬರಬೇಕು. ಇಷ್ಟನ್ನೂ ಕೂಡಿಸದೆ, ಪಕ್ಕದ ಮಳಿಗೆಯವರು ಎಷ್ಟು ಹೇಳಿದರೋ ಅದಕ್ಕಿಂತ ಐನೂರು ಕಡಿಮೆ ಹೇಳಿದವರು ಸಂಜೆಗೆ ಎಲ್ಲ ಮಾರಿ ಖುಷಿಯಾಗಿ ಹೋಗುತ್ತಾರೆ. ಊರಿಗೆ ಹೋಗಿ ಲೆಕ್ಕ ಬರೆದಾಗ ಆ ಖುಷಿ ಇಳಿಯುತ್ತದೆ.

ಲೆಕ್ಕ ಬಲ್ಲವರ ಮಳಿಗೆಯನ್ನು ಮೇಲಿನಿಂದ ಕೆಳಗೆ ನೋಡಬೇಕು. ಕಣ್ಣಿನ ಎತ್ತರಕ್ಕೆ ಒಂದು ದೊಡ್ಡ ಕ್ಯಾನ್ವಾಸ್ ಇರುತ್ತದೆ. ಅದು ಅವತ್ತು ಮಾರಾಟವಾಗುವುದು ಅಪರೂಪ, ಕೆಲಸವೇನಿದ್ದರೂ ನಡೆಯುವವರ ಕಾಲು ನಿಲ್ಲಿಸುವುದು. ಸೊಂಟದ ಎತ್ತರಕ್ಕೆ ಎರಡರಿಂದ ಐದು ಸಾವಿರದ ಚಿತ್ರಗಳು. ಮೇಜಿನ ಮೇಲೆ ಬುಕ್‌ಮಾರ್ಕ್, ಶುಭಾಶಯ ಪತ್ರ, ಕೈಯಲ್ಲಿ ಬಣ್ಣ ಹಾಕಿದ ಕೀಚೈನು, ಫ್ರಿಜ್ ಮ್ಯಾಗ್ನೆಟ್ಟು. ನೂರು, ಇನ್ನೂರರ ಈ ಸಾಮಾನಿನಿಂದ ಆ ದಿನದ ಊಟ, ಬಸ್ ಚಾರ್ಜು ಹುಟ್ಟುತ್ತವೆ. ದೊಡ್ಡ ಚಿತ್ರಕ್ಕೆ ಒಂದು ವರ್ಷ ಕಾಯುವ ತಾಳ್ಮೆಯೂ ಅಲ್ಲಿಂದಲೇ ಬರುತ್ತದೆ.

ಏನು ಬರೆದರೆ ಹೋಗುತ್ತದೆ ಎಂಬುದು ಸ್ವಲ್ಪ ಹೊತ್ತು ನಡೆದವರಿಗೆ ತಾನಾಗಿ ತಿಳಿಯುತ್ತದೆ. ಗಣೇಶ, ಬುದ್ಧ, ರಾಧಾಕೃಷ್ಣ, ಓಡುವ ಕುದುರೆ, ಮಳೆಯಲ್ಲಿ ತೊಯ್ದ ರಸ್ತೆ. ಇವು ಪ್ರತಿ ಹತ್ತು ಹೆಜ್ಜೆಗೂ ಎದುರಾಗುತ್ತವೆ, ಗೃಹಪ್ರವೇಶದ ಉಡುಗೊರೆಯಾಗಿ ಹೊರಡುತ್ತವೆ. ಅಮೂರ್ತ ಚಿತ್ರ ಬರೆಯುವವರ ಮುಂದೆ ಜನ ನಿಂತು “ಇದೇನು?” ಎಂದು ಕೇಳುತ್ತಾರೆ. ಹೇಳಲು ಹೊರಟರೆ ಸಹನೆ ಬೇಕು, ಹೇಳದಿದ್ದರೆ ಗಿರಾಕಿ ಮುಂದೆ ಸಾಗುತ್ತಾನೆ. ತಮಗೆ ಬೇಕಾದ್ದನ್ನೂ ಗಿರಾಕಿಗೆ ಬೇಕಾದ್ದನ್ನೂ ಒಂದೇ ಗೋಡೆಗೆ ನೇತುಹಾಕಿದವರು ಬಹಳ. ಗಣೇಶ ಮಾರಿ ಬಂದ ಹಣದಲ್ಲಿ ಅಮೂರ್ತಕ್ಕೆ ಬಣ್ಣ ಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಕೈಗೆ ಕೂಡಲೇ ದುಡ್ಡು ಸಿಗುವುದು ಭಾವಚಿತ್ರ ಬರೆಯುವವರಿಗೆ. ಒಂದು ಸ್ಟೂಲು, ಡ್ರಾಯಿಂಗ್ ಬೋರ್ಡು, ಇದ್ದಿಲ ಕಡ್ಡಿ ಇಷ್ಟೇ ಬಂಡವಾಳ. ಅಲುಗಾಡದೆ ಕೂರಲು ಒದ್ದಾಡುವ ಮಗುವನ್ನು ಹದಿನೈದು ನಿಮಿಷದಲ್ಲಿ ಕಾಗದಕ್ಕಿಳಿಸುತ್ತಾರೆ. ಹಿಂದೆ ಇಪ್ಪತ್ತು ಜನ ನಿಂತು ಮೂಗು ಸರಿಯಿದೆ, ಗಲ್ಲ ದಪ್ಪವಾಯಿತು ಎಂದು ಪಿಸುಗುಡುತ್ತಿದ್ದರೂ ಕೈ ನಡುಗಬಾರದು. ಇಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ. ಕೆಲಸ ಕಣ್ಣೆದುರೇ ನಡೆದಿದೆ, ಶ್ರಮ ಎಷ್ಟೆಂದು ಕಂಡಿದೆ. ಪಕ್ಕದ ಮಳಿಗೆಯಲ್ಲಿ ತಿಂಗಳು ಹಿಡಿದ ಚಿತ್ರಕ್ಕೆ ಅದೇ ಜನ ಅರ್ಧ ಬೆಲೆ ಕೇಳುತ್ತಾರೆ, ಏಕೆಂದರೆ ಆ ತಿಂಗಳು ಅವರ ಕಣ್ಣಿಗೆ ಬಿದ್ದಿಲ್ಲ.

ಮೈಸೂರು ಸಾಂಪ್ರದಾಯಿಕ ಶೈಲಿಯವರಿಗೆ ಈ ನೋವು ಹೆಚ್ಚು. ಹಲಗೆಗೆ ಕಾಗದ ಅಂಟಿಸಿ, ರೇಖೆ ಎಳೆದು, ಸಫೇದ ಮತ್ತು ಗೋಂದು ಕಲಸಿದ ಗೆಸ್ಸೊದಲ್ಲಿ ಒಡವೆ, ಕಿರೀಟ, ಮಂಟಪದ ಕುಸುರಿಯನ್ನು ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂರಿಸಿ, ಬಣ್ಣ ತುಂಬಿ, ಕಡೆಗೆ ತೆಳು ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಉಜ್ಜುವವರೆಗೆ ಹಂತದ ಮೇಲೆ ಹಂತ. ತಂಜಾವೂರು ಶೈಲಿಯಲ್ಲಿ ಗೆಸ್ಸೊ ದಪ್ಪ, ಮೇಲೆ ಹರಳು. ದೂರದಿಂದಲೇ ಹೊಳೆಯುತ್ತದೆ. ಮೈಸೂರಿನದು ಹತ್ತಿರ ಹೋದರೆ ಮಾತ್ರ ಮಾತಾಡುತ್ತದೆ. ಬೀದಿಯಲ್ಲಿ ಹೊಳೆಯುವುದಕ್ಕೆ ಲಾಭ. ಇದರ ಜೊತೆಗೆ ದೇವರ ಡಿಜಿಟಲ್ ಪ್ರಿಂಟಿನ ಮೇಲೆ ಅಲ್ಲಲ್ಲಿ ಚಿನ್ನದ ಬಣ್ಣ ಬಳಿದು ಮಾರುವ ಚಾಳಿ ಎಲ್ಲ ಕರಕುಶಲ ಮೇಳಗಳನ್ನೂ ಕಾಡುತ್ತಿದೆ. ಗುರುತಿಸುವುದು ಕಷ್ಟವೇನಲ್ಲ. ಓರೆಯಾಗಿ ಹಿಡಿದು ನೋಡಿ. ಕೈಯಲ್ಲಿ ಮಾಡಿದ್ದಾದರೆ ಗೆರೆ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ಪ್ರಿಂಟಾದರೆ ಭೂತಗನ್ನಡಿಯಲ್ಲಿ ಚುಕ್ಕೆಗಳು ಕಾಣುತ್ತವೆ.

ಹಸೆ ಚಿತ್ತಾರದ್ದು ಇನ್ನೊಂದು ಕಥೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಮದುವೆಯ ಮನೆಯ ಗೋಡೆಗೆ ಬರೆಯುತ್ತಿದ್ದ ಕಲೆ ಅದು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿದ ಅಕ್ಕಿ ಅರೆದ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಗುರಿಗೆ ಬೀಜದ ಹಳದಿ, ಪುಂಡಿ ನಾರಿನ ಕುಂಚ. ಬರೆದವರ ರುಜು ಇಲ್ಲ, ಬೆಲೆಯಂತೂ ಇರಲೇ ಇಲ್ಲ. ಗೋಡೆಗೆ ಮತ್ತೆ ಕೆಮ್ಮಣ್ಣು ಬಳಿದರೆ ಚಿತ್ತಾರವೂ ಮುಗಿಯುತ್ತಿತ್ತು. ಈಗ ಅದೇ ಎಳೆಗಳು ಕಾಗದ, ಬಟ್ಟೆ, ಮರದ ಹಲಗೆಗೆ ಬಂದಿವೆ. ಗೋಡೆಯನ್ನು ಯಾರೂ ಹೊತ್ತೊಯ್ಯಲಾರರು, ಹಲಗೆಯನ್ನು ಒಯ್ಯಬಹುದು. ಇದರಿಂದ ಕಲೆ ಕೆಟ್ಟಿತು ಎನ್ನುವವರಿದ್ದಾರೆ. ಹೆಂಚು ಹೋಗಿ ಆರ್‌ಸಿಸಿ ಬಂದು, ಮದುವೆ ಛತ್ರಕ್ಕೆ ಹೋದ ಮೇಲೆ ಆ ಗೋಡೆ ಎಲ್ಲಿದೆ ಎಂಬುದಕ್ಕೂ ಅವರು ಉತ್ತರ ಹೇಳಬೇಕಾಗುತ್ತದೆ. ನೂರಾರು ವರ್ಷ ಪುಕ್ಕಟೆಯಾಗಿದ್ದ ಹೆಂಗಸರ ಕೆಲಸಕ್ಕೆ ಒಂದು ಬೆಲೆ, ಕೆಳಗಿನ ಮೂಲೆಯಲ್ಲಿ ಒಂದು ಹೆಸರು ಬಂದದ್ದು ಸಣ್ಣ ಸಂಗತಿಯಲ್ಲ.

ಮಧ್ಯಾಹ್ನದ ಹೊತ್ತಿಗೆ ಜಂಗುಳಿ ಎಷ್ಟಾಗುತ್ತದೆಂದರೆ ನಡೆಯಲಾಗುವುದಿಲ್ಲ, ತೇಲಿಕೊಂಡು ಹೋಗಬೇಕು. ಕೊಳ್ಳುವವರಿಗಿಂತ ಸೆಲ್ಫಿಯವರು ಹೆಚ್ಚು. “ಫೋಟೊ ತೆಗೆಯಬೇಡಿ” ಎಂದು ಬೋರ್ಡು ಹಾಕಿದವರ ಭಯ ಅರ್ಥವಾಗುವಂಥದ್ದು. ಒಳ್ಳೆಯ ಕ್ಯಾಮೆರಾದಲ್ಲಿ ಸೆರೆಸಿಕ್ಕ ಚಿತ್ರ ಮರುದಿನ ಯಾರದೋ ಟೀ ಶರ್ಟಿನ ಮೇಲೆ ಕೂರಬಹುದು. ಆದರೂ ತೆಗೆಯಲು ಬಿಡುವವರೇ ಬಹುಮಂದಿ, ಚಿತ್ರದ ಪಕ್ಕ ತಮ್ಮ ಇನ್‌ಸ್ಟಾಗ್ರಾಂ ವಿಳಾಸವನ್ನು ದಪ್ಪಕ್ಷರದಲ್ಲಿ ಅಂಟಿಸಿರುತ್ತಾರೆ. ಫೋಟೊದೊಂದಿಗೆ ಹೆಸರೂ ಹೋಗಲಿ ಎಂಬ ಜಾಣತನ. ಸಂತೆಯ ದಿನ ಬರೀ ನೋಡಿ ಹೋದವರು ಮೂರು ತಿಂಗಳ ನಂತರ ಹೊಸ ಮನೆಯ ಗೋಡೆ ನೋಡಿ ಫೋನ್ ಮಾಡುವುದುಂಟು. ಅವತ್ತಿನ ಗಳಿಕೆಯಲ್ಲಿ ಇದು ಕಾಣುವುದಿಲ್ಲ.

ಗ್ಯಾಲರಿಗಳು ಸಾಮಾನ್ಯವಾಗಿ ಬೆಲೆಯ ಮೂರನೇ ಒಂದರಿಂದ ಅರ್ಧದವರೆಗೆ ಕಮಿಷನ್ ಹಿಡಿಯುತ್ತವೆ. ಬೆಳಕು, ಗೋಡೆ, ಪ್ರಚಾರ, ದೊಡ್ಡ ಗಿರಾಕಿಗಳ ಪರಿಚಯ ಅದರಲ್ಲಿ ಸೇರಿರುತ್ತದೆ. ಬೀದಿಯಲ್ಲಿ ಬಂದ ದುಡ್ಡು ಪೂರ್ತಿ ಕಲಾವಿದರದು, ಧೂಳು, ಬಿಸಿಲು, ಚೌಕಾಸಿ ಕೂಡ ಪೂರ್ತಿ ಅವರದೇ. ಕೋವಿಡ್ ಕಾಲದಲ್ಲಿ, 2021ರಲ್ಲಿ, ಸಂತೆ ಬೀದಿ ಬಿಟ್ಟು ಆನ್‌ಲೈನಿಗೆ ಹೋಯಿತು. ಪರದೆಯ ಮೇಲೆ ಎಲ್ಲ ಚಿತ್ರವೂ ಒಂದೇ ಅಳತೆ. ಬಣ್ಣದ ದಪ್ಪ ಕಾಣದು, ಬರೆದವರು ಕಾಣರು. ಮುಂದಿನ ವರ್ಷ ಜನವರಿ ತಪ್ಪಿದರೂ ಮಾರ್ಚ್‌ನಲ್ಲಿ ಸಂತೆ ರಸ್ತೆಗೇ ಮರಳಿತು.

ಕಾಲು ಸೋತರೆ ಪರಿಷತ್ತಿನ ಆವರಣದೊಳಗೆ ಹೋಗಬಹುದು. ರೋರಿಕ್ ಚಿತ್ರಗಳ ಗ್ಯಾಲರಿ, ಎಚ್.ಕೆ. ಕೇಜ್ರಿವಾಲ್ ಅವರ ಸಂಗ್ರಹ, ತೊಗಲುಗೊಂಬೆಗಳ ಸಂಗ್ರಹ ಅಲ್ಲಿವೆ. ಅವುಗಳನ್ನು ಸಂತೆಯ ನೂಕುನುಗ್ಗಲಲ್ಲಿ ನೋಡದೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು. ವರ್ಷದ ಹಲವು ವಾರ ಅದೇ ಆವರಣದಲ್ಲಿ ಕರಕುಶಲ ಮೇಳಗಳೂ ನಡೆಯುತ್ತವೆ.

ಹೋಗುವವರಿಗೆ ಕೆಲವು ಮಾತು. ಪ್ರವೇಶಕ್ಕೆ ಟಿಕೆಟ್ ಇಲ್ಲ. ಕಾರು ತರಬೇಡಿ, ಮೆಟ್ರೊ ಇಳಿದು ಬನ್ನಿ. ನಿಧಾನವಾಗಿ ನೋಡಬೇಕೆಂದರೆ ಬೆಳಿಗ್ಗೆ ಒಂಬತ್ತಕ್ಕೇ ಬನ್ನಿ. ನೆಟ್‌ವರ್ಕ್ ಕೈಕೊಡುವ ಜಂಗುಳಿಯಾದ್ದರಿಂದ ಕೈಯಲ್ಲಿ ಸ್ವಲ್ಪ ನಗದಿರಲಿ. ಕೊಂಡ ಚಿತ್ರದ ಹಿಂದೆ ಹೆಸರು, ವರ್ಷ, ಯಾವ ಬಣ್ಣ ಎಂದು ಬರೆಸಿಕೊಳ್ಳಿ. ಸುತ್ತಿದ ಕ್ಯಾನ್ವಾಸನ್ನು ಮನೆಗೆ ಹೋದೊಡನೆ ಬಿಚ್ಚಿ ಹಾಸಿ.

ಮಾರಲು ಹೋಗುವವರು ಹೊರಡುವ ಹಿಂದಿನ ರಾತ್ರಿ ಪ್ರತಿ ಚಿತ್ರದ ಬೆನ್ನಿಗೆ ಎರಡು ಬೆಲೆ ಬರೆದಿಟ್ಟುಕೊಳ್ಳಿ: ಹೇಳುವುದು, ಅದರ ಕೆಳಗೆ ಇಳಿಯಬಾರದ್ದು. ಶ್ರಮ ಜನರ ಕಣ್ಣಿಗೆ ಬೀಳುವಂತೆ ಮಂಡಿ ಮೇಲೆ ಬೋರ್ಡಿಟ್ಟು ಏನಾದರೂ ಬರೆಯುತ್ತಲೇ ಇರಿ. ಕೊಳ್ಳುವವರು “ಇದಕ್ಕೆಷ್ಟು?” ಎನ್ನುವ ಮೊದಲು “ಇದನ್ನು ಹೇಗೆ ಮಾಡಿದಿರಿ?” ಎಂದು ಕೇಳಿ ನೋಡಿ. ಉತ್ತರ ಕೇಳಿಸಿಕೊಂಡ ಮೇಲೂ ಚೌಕಾಸಿ ಮಾಡುವ ಮನಸ್ಸು ಉಳಿದಿದ್ದರೆ ಧಾರಾಳವಾಗಿ ಮಾಡಿ. ಇದು ಸಂತೆ, ಅದಕ್ಕೂ ಇಲ್ಲಿ ಜಾಗವಿದೆ.