ಚಳಿಜ್ವರದ ಮದ್ದು: ಕಷಾಯದಿಂದ ಗುಳಿಗೆಗೆ

ಆಟಿ ಅಮಾವಾಸ್ಯೆಯಂದು ತುಳುನಾಡಿನ ಮನೆಗಳಲ್ಲಿ ಬೆಳಕು ಹರಿಯುವ ಮೊದಲೇ ಯಾರಾದರೊಬ್ಬರು ಎದ್ದು ಹಾಲೆ ಮರ ಹುಡುಕಿಕೊಂಡು ಹೋಗುತ್ತಾರೆ. ತುಳುವಿನಲ್ಲಿ ಅದು ಪಾಲೆ ಮರ. ಕತ್ತಿ ಮುಟ್ಟಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು ಎಂಬುದು ಕಟ್ಟಳೆ. ತಂದ ತೊಗಟೆಯನ್ನು ಅರೆದು, ರಸ ಹಿಂಡಿ, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಚೆನ್ನಾಗಿ ಕಾಯಿಸಿದ ಬಿಳಿಕಲ್ಲನ್ನು ಅದರಲ್ಲಿ ಅದ್ದಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಆಮೇಲೆ ಮೆಂತ್ಯದ ಗಂಜಿ. ಮಳೆಗಾಲದ ರೋಗಗಳು ಇದರಿಂದ ದೂರ ನಿಲ್ಲುತ್ತವೆ ಎಂಬುದು ನಂಬಿಕೆ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಪ್ರಾಣಕ್ಕೇ ಕುತ್ತು ಎಂದು ಹಿರಿಯರು ಎಚ್ಚರಿಸುವುದೂ ಉಂಟು.

ಆಯುರ್ವೇದದಲ್ಲಿ ಈ ಮರಕ್ಕೆ ಸಪ್ತಪರ್ಣ ಎಂದು ಹೆಸರು. ವಿಷಮಜ್ವರಕ್ಕೆ ಹೇಳಿರುವ ಮದ್ದುಗಳಲ್ಲಿ ಅದರ ತೊಗಟೆಯೂ ಒಂದು. ದಿನ ಬಿಟ್ಟು ದಿನ, ಇಲ್ಲವೇ ಎರಡು ದಿನ ಬಿಟ್ಟು, ಚಳಿ ನಡುಕದೊಡನೆ ಮರಳಿ ಬರುವ ಈ ಜ್ವರದ ವರ್ಣನೆ ಮಲೇರಿಯಾಕ್ಕೆ ಬಹುಮಟ್ಟಿಗೆ ಹೊಂದುತ್ತದೆ. ಹಾಗಾದರೆ ಹಾಲೆ ತೊಗಟೆಯಿಂದ ಮಲೇರಿಯಾ ನಿಜಕ್ಕೂ ವಾಸಿಯಾಗುತ್ತದೆಯೇ?

ಪ್ರಶ್ನೆ ಸರಳ, ಉತ್ತರ ಸರಳವಲ್ಲ. ಮಲೇರಿಯಾ ಜ್ವರದ ಸ್ವಭಾವವೇ ಬಂದು ಬಿಡುವುದು. ಇಂದು ಕಷಾಯ ಕುಡಿದವನಿಗೆ ನಾಳೆ ಜ್ವರ ಇಲ್ಲದಿದ್ದರೆ ಅದು ಮದ್ದಿನ ಗುಣವೋ, ಜ್ವರದ ಬಿಡುವೋ ಹೇಳುವುದು ಹೇಗೆ? ರೋಗ ಸದಾ ನೆಲೆಸಿರುವ ಊರುಗಳಲ್ಲಿ ಬೆಳೆದವರ ದೇಹಕ್ಕೆ ಒಂದಿಷ್ಟು ತಡೆಶಕ್ತಿ ಬಂದಿರುತ್ತದೆ, ಮದ್ದಿಲ್ಲದೆಯೂ ಚೇತರಿಸಿಕೊಳ್ಳುವವರುಂಟು. ಇನ್ನು ಚಳಿ ಬಂದ ಜ್ವರವೆಲ್ಲ ಮಲೇರಿಯಾ ಅಲ್ಲ. ಸೊಳ್ಳೆ ಕಚ್ಚಿದಾಗ ದೇಹ ಸೇರಿ ಕೆಂಪು ರಕ್ತಕಣಗಳೊಳಗೆ ಬೆಳೆಯುವ ಪರೋಪಜೀವಿ ಸತ್ತಿತೇ ಇಲ್ಲವೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿಯೇ ತಿಳಿಯಬೇಕು. ತಲೆಮಾರುಗಳ ಅನುಭವ ಎಷ್ಟೇ ದೊಡ್ಡದಾದರೂ ಈ ಒಂದು ಸಂಗತಿ ಅದರ ಕಣ್ಣಿಗೆ ಬೀಳುವಂಥದಲ್ಲ.

ಹಾಗೆಂದು ಅನುಭವವನ್ನು ತಳ್ಳಿಹಾಕುವಂತೆಯೂ ಇಲ್ಲ. ಮಲೇರಿಯಾದ ಎರಡು ಮಹತ್ವದ ಮದ್ದುಗಳು ಬಂದದ್ದು ಗಿಡಮರಗಳಿಂದಲೇ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಸಿಂಕೋನಾ ಮರದ ತೊಗಟೆ 17ನೇ ಶತಮಾನದಲ್ಲಿ ಯುರೋಪಿಗೆ ಬಂತು. 1820ರಲ್ಲಿ ಫ್ರಾನ್ಸಿನ ಪೆಲ್ತಿಯೆ ಮತ್ತು ಕಾವಾಂತೂ ಅದರಿಂದ ಕ್ವಿನೈನ್ ಬೇರ್ಪಡಿಸಿದರು. 1860ರ ದಶಕದಲ್ಲಿ ಬ್ರಿಟಿಷರು ನೀಲಗಿರಿಯಲ್ಲಿ ಸಿಂಕೋನಾ ತೋಟಗಳನ್ನೇ ಎಬ್ಬಿಸಿದರು. ಎರಡನೆಯ ಮದ್ದು ಚೀನಾದ್ದು. ಹಳೆಯ ಔಷಧಿಯನ್ನು ಪರೀಕ್ಷಿಸುವುದೆಂದರೆ ಏನೆಂಬುದಕ್ಕೆ ಅದರ ಕತೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ವಿಯೆಟ್ನಾಂ ಯುದ್ಧದ ಕಾಲ. ಕಾಡುಗಳಲ್ಲಿ ಕಾದುತ್ತಿದ್ದ ಸೈನಿಕರನ್ನು ಮಲೇರಿಯಾ ಹಣಿಯುತ್ತಿತ್ತು. ಅಲ್ಲಿನ ಪರೋಪಜೀವಿಗಳು ಕ್ಲೋರೋಕ್ವಿನ್ ಗುಳಿಗೆಗೆ ಬಗ್ಗುತ್ತಿರಲಿಲ್ಲ. ಉತ್ತರ ವಿಯೆಟ್ನಾಂ ಚೀನಾದ ನೆರವು ಕೇಳಿತು. 1967ರ ಮೇ 23ರಂದು ಬೀಜಿಂಗ್‌ನಲ್ಲಿ ಸಭೆ ಸೇರಿ ಒಂದು ಗುಪ್ತ ಯೋಜನೆ ಆರಂಭವಾಯಿತು. ಸಭೆಯ ತಿಂಗಳು ಮತ್ತು ದಿನಾಂಕವೇ ಅದರ ಹೆಸರಾಯಿತು: ‘ಯೋಜನೆ 523’. 1969ರಲ್ಲಿ ಬೀಜಿಂಗ್‌ನ ಸಾಂಪ್ರದಾಯಿಕ ಚೀನೀ ವೈದ್ಯಕೀಯ ಅಕಾಡೆಮಿಯ ತಂಡಕ್ಕೆ ತು ಯೂಯೂ ಎಂಬ ಮಹಿಳೆ ಮುಖ್ಯಸ್ಥೆಯಾದರು. ಆಗ ಅವರಿಗೆ 38 ವರ್ಷ. ಓದಿದ್ದು ಆಧುನಿಕ ಔಷಧಶಾಸ್ತ್ರ. ಆಮೇಲೆ ಚೀನೀ ವೈದ್ಯಪದ್ಧತಿಯ ತರಬೇತಿಯನ್ನೂ ಪಡೆದಿದ್ದರು. ಸಾಂಸ್ಕೃತಿಕ ಕ್ರಾಂತಿಯ ದಿನಗಳವು. ಪತಿಯನ್ನು ದುಡಿಮೆಗೆಂದು ಹಳ್ಳಿಗೆ ಕಳಿಸಲಾಗಿತ್ತು. ಎಳೆಯ ಮಗಳೊಬ್ಬಳನ್ನು ಶಿಶುವಿಹಾರದಲ್ಲೂ ಇನ್ನೊಬ್ಬಳನ್ನು ತವರಿನಲ್ಲೂ ಬಿಟ್ಟು ತು ಕೆಲಸಕ್ಕಿಳಿದರು.

ತಂಡ ಹಳೆಯ ಗ್ರಂಥಗಳನ್ನು ಜಾಲಾಡಿತು, ಹಿರಿಯ ವೈದ್ಯರನ್ನು ಕಂಡು ಕೇಳಿತು. ಸಿಕ್ಕ ಪಾಠಗಳು 2,000ಕ್ಕೂ ಹೆಚ್ಚು. ಅವುಗಳಿಂದ 640ನ್ನು ಆರಿಸಿ, ಸುಮಾರು 200 ಮೂಲಿಕೆಗಳಿಂದ 380ಕ್ಕೂ ಹೆಚ್ಚು ಸಾರಗಳನ್ನು ತಯಾರಿಸಿ, ಮಲೇರಿಯಾ ಅಂಟಿಸಿದ ಇಲಿಗಳಿಗೆ ಕೊಟ್ಟು ನೋಡಿದರು. ಬಹುಪಾಲು ನಿಷ್ಫಲ. ಚಿಂಗ್‌ಹಾವ್ ಎಂಬ ಗಿಡ ಮಾತ್ರ ಒಮ್ಮೆ ಆಸೆ ಹುಟ್ಟಿಸಿತು. ದವನ, ಮಾಚಿಪತ್ರೆಗಳ ಕುಲಕ್ಕೆ ಸೇರಿದ ಗಿಡವದು. ಆದರೆ ಎರಡನೆಯ ಸಲ ಅದೇ ಪ್ರಯೋಗ ಮಾಡಿದರೆ ಅದೇ ಫಲ ಬರಲಿಲ್ಲ.

ತು ಮತ್ತೆ ಹಳೆಯ ಪುಸ್ತಕಗಳತ್ತ ತಿರುಗಿದರು. 4ನೇ ಶತಮಾನದ ವೈದ್ಯ ಗೆ ಹಾಂಗ್ ತುರ್ತು ಚಿಕಿತ್ಸೆಗೆಂದು ಬರೆದ ಕೈಪಿಡಿಯಲ್ಲಿ ಚಿಂಗ್‌ಹಾವ್ ಮದ್ದಿನ ವಿಧಾನ ಇತ್ತು: ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು. ಕುದಿಸುವ ಮಾತು ಅಲ್ಲಿರಲಿಲ್ಲ. ಚೀನೀ ಮೂಲಿಕೆಗಳನ್ನು ಸಾಮಾನ್ಯವಾಗಿ ಕುದಿಸಿಯೇ ಕಷಾಯ ಮಾಡುವುದು ವಾಡಿಕೆ. ಬಿಸಿಗೆ ಮದ್ದಿನ ಸತ್ವವೇ ಹಾಳಾಗುತ್ತಿರಬಹುದೇ ಎಂಬ ಸಂಶಯ ತು ಅವರಿಗೆ ಬಂತು. ನೀರು, ಮದ್ಯಸಾರಗಳನ್ನು ಬಿಟ್ಟು, ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. ವಿಷಗುಣವಿದ್ದ ಆಮ್ಲೀಯ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಪರೀಕ್ಷೆಗೆ ಒಡ್ಡಿದರು. 1971ರ ಅಕ್ಟೋಬರ್ 4ರಂದು 191ನೆಯ ಮಾದರಿಯ ಫಲಿತಾಂಶ ಬಂತು. ಇಲಿಗಳ ರಕ್ತದಲ್ಲಿ ಪರೋಪಜೀವಿಗಳ ಸುಳಿವೇ ಇರಲಿಲ್ಲ. ಮುಂದೆ ಮಂಗಗಳಲ್ಲಿಯೂ ಅದೇ ಫಲ.

ಇಲಿಯಿಂದ ಮನುಷ್ಯನವರೆಗಿನ ದಾರಿ ಇನ್ನೂ ಕಠಿಣ. ಕಾರ್ಖಾನೆಗಳು ಮುಚ್ಚಿದ್ದರಿಂದ ಮನೆಬಳಕೆಯ ನೀರಿನ ಹಂಡೆಗಳಲ್ಲೇ ಸಾರ ತೆಗೆಯಬೇಕಾಯಿತು. ಗಾಳಿಯಾಡದ ಕೋಣೆಗಳಲ್ಲಿ ಈಥರ್ ಆವಿ ಕುಡಿದು ಕೆಲಸಗಾರರ ಆರೋಗ್ಯ ಕೆಟ್ಟಿತು. ಪ್ರಾಣಿಗಳ ಮೇಲಿನ ಸುರಕ್ಷತೆಯ ಪರೀಕ್ಷೆಗಳಲ್ಲಿ ಕೆಲವು ಸ್ಪಷ್ಟವಾಗಿರಲಿಲ್ಲ. ಮಲೇರಿಯಾ ಕಾಲ ಮುಗಿದರೆ ಇನ್ನೊಂದು ವರ್ಷ ಕಾಯಬೇಕು. 1972ರಲ್ಲಿ ತು ಮತ್ತು ಇಬ್ಬರು ಸಹೋದ್ಯೋಗಿಗಳು ಆಸ್ಪತ್ರೆ ಸೇರಿ, ಮೊದಲು ತಾವೇ ಮದ್ದು ಸೇವಿಸಿದರು. ಬಳಿಕ ಹೈನಾನ್ ದ್ವೀಪದ 21 ರೋಗಿಗಳಿಗೆ ಕೊಡಲಾಯಿತು. ಜ್ವರ ಬೇಗ ಇಳಿಯಿತು, ರಕ್ತದಿಂದ ಪರೋಪಜೀವಿಗಳೂ ಮಾಯವಾದವು. ಅದೇ ವರ್ಷ ಶುದ್ಧ ಸತ್ವ ಹರಳಾಗಿ ದೊರೆಯಿತು. ಅದೇ ಆರ್ಟೆಮಿಸಿನಿನ್.

ಅಲ್ಲಿಗೂ ಮುಗಿಯಲಿಲ್ಲ. 1973ರಲ್ಲಿ ಆರ್ಟೆಮಿಸಿನಿನ್ ಗುಳಿಗೆ ಮಾಡಿ ರೋಗಿಗಳಿಗೆ ಕೊಟ್ಟಾಗ ನಿರೀಕ್ಷಿಸಿದ ಫಲ ಬರಲಿಲ್ಲ. ವಿಚಾರಿಸಿದರೆ ತಪ್ಪು ಮದ್ದಿನದಲ್ಲ. ಗುಳಿಗೆ ಹೊಟ್ಟೆಯಲ್ಲಿ ಸರಿಯಾಗಿ ಕರಗುತ್ತಲೇ ಇರಲಿಲ್ಲ. ಅದೇ ಪುಡಿಯನ್ನು ಕ್ಯಾಪ್ಸೂಲಿಗೆ ತುಂಬಿ ಕೊಟ್ಟ ಮೇಲೆ ಗುಣ ಕಂಡಿತು. ಗಿಡ ಯಾವುದೆಂಬ ಗೊಂದಲವೂ ಬಗೆಹರಿಯಬೇಕಿತ್ತು. ಚಿಂಗ್‌ಹಾವ್ ಎಂಬ ಒಂದೇ ಹೆಸರಿನಡಿ ಹಲವು ಗಿಡಗಳಿದ್ದವು. ಮದ್ದು ಇದ್ದದ್ದು ಆರ್ಟೆಮಿಸಿಯಾ ಆನುವಾ ಎಂಬ ಒಂದರಲ್ಲಿ, ಅದೂ ಎಲೆಯಲ್ಲಿ. ದಂಟಿನಲ್ಲಿ ಹುಡುಕಿದವರಿಗೆ ಏನೂ ಸಿಗುತ್ತಿರಲಿಲ್ಲ. ಯುನ್ನಾನ್, ಶಾನ್‌ಡಾಂಗ್ ಪ್ರಾಂತಗಳ ತಂಡಗಳು, ಗುವಾಂಗ್‌ಜೌನ ವೈದ್ಯ ಲಿ ಗುವೋಚಿಯಾವ್ ಮೊದಲಾದವರ ದುಡಿಮೆಯೂ ಸೇರಿ ಮದ್ದು ಜಗತ್ತಿಗೆ ದಕ್ಕಿತು. 2015ರಲ್ಲಿ ತು ಯೂಯೂ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 2021ರಲ್ಲಿ ಚೀನಾ ಮಲೇರಿಯಾಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು.

ಗಿಡ ಯಾವುದು, ಯಾವ ಭಾಗ, ಹೇಗೆ ಸಾರ ತೆಗೆಯಬೇಕು, ಹೊಟ್ಟೆಯಲ್ಲಿ ಕರಗುತ್ತದೆಯೇ? ಇಷ್ಟರಲ್ಲಿ ಒಂದು ತಪ್ಪಿದ್ದರೂ ಪರೀಕ್ಷೆ ‘ಗುಣವಿಲ್ಲ’ ಎಂದು ತೀರ್ಪು ಕೊಡುತ್ತಿತ್ತು. ಈ ಎಚ್ಚರ ಇಟ್ಟುಕೊಂಡೇ ಹಾಲೆ ಮರದ ಕತೆಗೆ ಮರಳಬೇಕು. ಅದರ ತೊಗಟೆಯ ಸಾರವನ್ನು ಮಲೇರಿಯಾ ಅಂಟಿದ ಇಲಿಗಳಿಗೆ ಕೊಟ್ಟು ನೋಡಿದ ಭಾರತೀಯ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಪರೋಪಜೀವಿಗಳನ್ನು ಕೊಲ್ಲುವ ಗುಣ ಅದರಲ್ಲಿ ಕಾಣಲಿಲ್ಲ. ಆದರೆ ಒಂದು ಬಗೆಯ ಸಾರ ಪಡೆದ ಇಲಿಗಳ ಸ್ಥಿತಿ ಸುಧಾರಿಸಿತು, ಸಾವು ತಡವಾಯಿತು. ಇಷ್ಟರಿಂದ ತೊಗಟೆ ನಿಷ್ಪ್ರಯೋಜಕ ಎನ್ನಲಾಗದು. ಮಲೇರಿಯಾ ವಾಸಿಮಾಡುತ್ತದೆ ಎನ್ನಲಂತೂ ಬರುವುದೇ ಇಲ್ಲ.

ಪರೀಕ್ಷೆಯನ್ನು ಇಲಿಯಿಂದಲ್ಲದೆ ರೋಗಿಯಿಂದಲೇ ಆರಂಭಿಸುವ ದಾರಿಯೂ ಇದೆ. ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಸಂಶೋಧಕರು ಹಳ್ಳಿಯ ಮನೆಗಳಿಗೆ ಹೋಗಿ, ಮಲೇರಿಯಾ ಬಂದಾಗ ಏನು ಮದ್ದು ಮಾಡಿದಿರಿ, ಆಮೇಲೆ ಏನಾಯಿತು ಎಂದು ಕೇಳಿದರು. ಜನ ಬಳಸುತ್ತಿದ್ದ 66 ಗಿಡಗಳಲ್ಲಿ ಅತ್ಯುತ್ತಮ ಫಲದೊಂದಿಗೆ ತಳುಕು ಹಾಕಿಕೊಂಡಿದ್ದದ್ದು ಅರಿಶಿನ ದತ್ತೂರಿಯ ಕಷಾಯ. ಕರ್ನಾಟಕದ ಬಯಲುಸೀಮೆಯಲ್ಲಿ ಹೊಲದ ಬದುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಮುಳ್ಳುಗಿಡವೇ ಅದು. ಮುಂದೆ 301 ರೋಗಿಗಳಲ್ಲಿ ಕಷಾಯವನ್ನೂ ಆರ್ಟೆಮಿಸಿನಿನ್ ವರ್ಗದ ಜೋಡಿಮದ್ದನ್ನೂ ಹೋಲಿಸಿ ನೋಡಲಾಯಿತು. 28 ದಿನಗಳಲ್ಲಿ ಬೇರೆ ಮದ್ದಿನ ಅಗತ್ಯ ಬೀಳದವರು ಕಷಾಯ ಕುಡಿದವರಲ್ಲಿ ನೂರಕ್ಕೆ 89, ಜೋಡಿಮದ್ದು ಪಡೆದವರಲ್ಲಿ 95. ಆದರೆ ಅವರು ರೋಗ ಸದಾ ಇರುವ ಸೀಮೆಯ ಜನ. ಅವರ ತಡೆಶಕ್ತಿ ಇಲ್ಲದವರಿಗೆ ಈ ಲೆಕ್ಕ ಅನ್ವಯಿಸದು. ಇದೇ ಗಿಡದ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಅನೇಕರ ಪ್ರಾಣ ತೆಗೆದದ್ದನ್ನೂ ಮರೆಯುವಂತಿಲ್ಲ.

ಮದ್ದು ಗಿಡದಲ್ಲೇ ಇರುವಾಗ ಚಿಂಗ್‌ಹಾವ್ ಸೊಪ್ಪಿನ ಚಹಾ ಕುಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗಿಡದಿಂದ ಗಿಡಕ್ಕೆ ಸತ್ವದ ಪ್ರಮಾಣ ಬೇರೆ. ಚಹಾದಲ್ಲಿ ಇಳಿಯುವುದು ಬಹಳವಾದರೆ ಅಲ್ಪಸ್ವಲ್ಪ. ಅರೆಬರೆ ಮದ್ದಿಗೆ ಸಾಯದೆ ಉಳಿದ ಪರೋಪಜೀವಿ ಮದ್ದನ್ನೇ ತಾಳಿಕೊಳ್ಳಲು ಕಲಿಯುತ್ತದೆ. ಆರ್ಟೆಮಿಸಿನಿನ್‌ಗೆ ಬೇಗ ಬಗ್ಗದ ಪರೋಪಜೀವಿಗಳು ಮೊದಲು ಕಾಂಬೋಡಿಯಾದ ಗಡಿಯಲ್ಲಿ, ಈಚೆಗೆ ರುವಾಂಡಾ, ಉಗಾಂಡಗಳಲ್ಲಿಯೂ ಕಾಣಿಸಿಕೊಂಡಿವೆ. ಮಲೇರಿಯಾದಿಂದ ಇಂದಿಗೂ ವರ್ಷಕ್ಕೆ ಸುಮಾರು 6 ಲಕ್ಷ ಜನ ಸಾಯುತ್ತಾರೆ. ಬಹುಪಾಲು ಆಫ್ರಿಕಾದ ಐದು ವರ್ಷದೊಳಗಿನ ಮಕ್ಕಳು. ಆದ್ದರಿಂದ ಹೊಸ ಮದ್ದಿನ ಹುಡುಕಾಟ ನಿಲ್ಲುವಂತಿಲ್ಲ.

ಗೆ ಹಾಂಗ್‌ಗೆ ಸೊಳ್ಳೆಯ ಪಾತ್ರ ಗೊತ್ತಿರಲಿಲ್ಲ, ಪರೋಪಜೀವಿಯೂ ಗೊತ್ತಿರಲಿಲ್ಲ. ಆದರೆ ಸೊಪ್ಪನ್ನು ನೆನೆಸಬೇಕೋ ಕುದಿಸಬೇಕೋ ಎಂಬುದನ್ನು ಆತ ಬರೆದಿಟ್ಟ. ಸಾವಿರದ ಆರುನೂರು ವರ್ಷಗಳ ಬಳಿಕ ಉಪಯೋಗಕ್ಕೆ ಬಂದದ್ದು ಆ ಒಂದು ವಿವರ. ತುಳುನಾಡು, ಮಲೆನಾಡುಗಳ ಅಜ್ಜಿಯರ ನೆನಪಿನಲ್ಲಿ ಇಂಥ ವಿವರಗಳು ಇನ್ನೂ ಉಳಿದಿವೆ: ಯಾವ ಮರ, ಯಾವ ತಿಂಗಳು, ಹಸಿಯೋ ಒಣಗಿದ್ದೋ, ಎಷ್ಟು ಹೊತ್ತು ನೆನೆಯಬೇಕು. ಅವರಿರುವಾಗಲೇ ಕೇಳಿ ಬರೆದಿಟ್ಟುಕೊಂಡರೆ ಮುಂದೆ ಪರೀಕ್ಷಿಸುವವರಿಗೆ ದಾರಿಯಾದೀತು. ಜ್ವರ ಬಂದು ಚಳಿ ಹತ್ತಿದ ದಿನ ಮಾತ್ರ ಕಷಾಯವನ್ನು ನೆಚ್ಚಿ ಕೂರದೆ, ಮೊದಲು ರಕ್ತಪರೀಕ್ಷೆ ಮಾಡಿಸುವುದೇ ಕ್ಷೇಮ.