ಪುರುಷರ ಫುಟ್‌ಬಾಲಿಗೆ ಸ್ತ್ರೀ ಗುರುಗಳು

ಅಮೆರಿಕ ಸಂಯುಕ್ತ ಸಂಸ್ಥಾನದ ಜನ ಫುಟ್‌ಬಾಲ್ ಎಂದು ಕರೆಯುವ ಆಟವು ನಮ್ಮ ಊರಿನ ಮೈದಾನಗಳಲ್ಲಿ ಹುಡುಗರು ಚೆಂಡನ್ನು ಒದೆಯುತ್ತ ಆಡುವ ಆಟವಲ್ಲ. ಅಂಡಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವ, ದೂರಕ್ಕೆ ಎಸೆಯುವ, ಎದುರಾಳಿಯ ಮೈಮೇಲೆ ಎರಗಿ ಅವನನ್ನು ನೆಲಕ್ಕೆ ಕೆಡಹುವ, ನಾಲ್ಕು ಯತ್ನಗಳೊಳಗೆ 10 ಗಜ ಮುಂದುವರಿಯದಿದ್ದರೆ ಚೆಂಡಿನ ಒಡೆತನವನ್ನೇ ಕಳೆದುಕೊಳ್ಳಬೇಕಾದ ಆ ಆಟದಲ್ಲಿ, ಶಿರಸ್ತ್ರಾಣವನ್ನೂ ಭುಜಕವಚವನ್ನೂ ತೊಟ್ಟ 11 ಮಂದಿ ಒಂದೊಂದು ಪಕ್ಷದಲ್ಲಿ ನಿಲ್ಲುತ್ತಾರೆ. ಅದನ್ನು ಪೌರುಷದ ಪರಮಾವಧಿಯೆಂದೇ ಆ ದೇಶ ಬಹುಕಾಲ ಬಗೆದಿತ್ತು. ಆದುದರಿಂದ ಅಂಥ ಆಟದ ಪುರುಷರ ಪಡೆಗೆ ಮಹಿಳೆಯೊಬ್ಬಳು ಗುರುವಾಗಿ ನಿಂತು, ಹೀಗೆ ಹೆಜ್ಜೆಯಿಡು, ಹೀಗೆ ಎದುರಿಸು ಎಂದು ವಿಧಿಸುವಳೆಂಬುದು ಯಾರ ಊಹೆಗೂ ನಿಲುಕಿರಲಿಲ್ಲ. 1920ರಲ್ಲಿ ಸ್ಥಾಪಿತವಾಗಿ ಇಂದು 32 ತಂಡಗಳನ್ನುಳ್ಳ ನ್ಯಾಷನಲ್ ಫುಟ್‌ಬಾಲ್ ಲೀಗಿನಲ್ಲಿ 95 ವರ್ಷಗಳ ಕಾಲ ಆ ಸ್ಥಾನ ಒಬ್ಬ ಮಹಿಳೆಗೂ ದೊರೆಯಲಿಲ್ಲ.

ಇದಕ್ಕೆ ಎಲ್ಲರೂ ಹೇಳುತ್ತಿದ್ದ ಕಾರಣ ಒಂದೇ: ಆಡದವರು ಕಲಿಸಲಾರರು. ಕೇಳುವುದಕ್ಕೆ ನ್ಯಾಯವಾಗಿ ತೋರುವ ಈ ಮಾತು ಎರಡು ಬಗೆಯಲ್ಲಿ ಸುಳ್ಳಾಗಿತ್ತು. ಪುರುಷ ತರಬೇತುದಾರರೆಲ್ಲರೂ ದೊಡ್ಡ ಆಟಗಾರರಾಗಿದ್ದವರೇ ಎಂದರೆ, ಅಲ್ಲ. ಕಾಲೇಜು ಫುಟ್‌ಬಾಲಿನಲ್ಲಿ ಚೆಂಡೆಸೆತದ ತಂತ್ರವನ್ನೇ ಮಾರ್ಪಡಿಸಿದ ಮೈಕ್ ಲೀಚ್ ಕಾಲೇಜಿನ ತಂಡದಲ್ಲಿಯೂ ಆಡಿದವರಲ್ಲ. ಅವರು ಓದಿದ್ದು ಕಾನೂನು. ಮಹಿಳೆಯರು ಆಡಿಯೇ ಇಲ್ಲವೆಂಬುದೂ ಸತ್ಯವಲ್ಲ. 1974ರಲ್ಲಿಯೇ ಅವರಿಗಾಗಿ ಒಂದು ರಾಷ್ಟ್ರೀಯ ಲೀಗ್ ಹುಟ್ಟಿ, ಒಹಾಯೋ ರಾಜ್ಯದ ಟೊಲೀಡೊ ಟ್ರೂಪರ್ಸ್‌ನಂಥ ತಂಡಗಳು ಅದರಲ್ಲಿ ಕೀರ್ತಿ ಗಳಿಸಿದ್ದವು. ಅನಂತರ ಬಂದ ಲೀಗುಗಳಲ್ಲಿಯೂ ಮಹಿಳೆಯರು ಹಗಲೆಲ್ಲ ಬೇರೆ ಉದ್ಯೋಗ ಮಾಡಿ, ಸಂಜೆ ಅಭ್ಯಾಸಕ್ಕೆ ಬಂದು, ಅನೇಕ ವೇಳೆ ಪ್ರಯಾಣದ ಮತ್ತು ಸಲಕರಣೆಗಳ ವೆಚ್ಚವನ್ನು ತಾವೇ ಭರಿಸಿ ಆಡಿದರು. ಪ್ರೇಕ್ಷಕರೂ ಪತ್ರಿಕೆಗಳೂ ಅತ್ತ ಅಷ್ಟಾಗಿ ತಿರುಗದಿದ್ದರೂ ಆಟದ ಮರ್ಮವನ್ನು ಬಲ್ಲ ಒಂದು ಪೀಳಿಗೆ ಅಲ್ಲಿ ಸಿದ್ಧವಾಗುತ್ತಿತ್ತು. ಮುಂದೆ ನಡೆದುದಕ್ಕೆಲ್ಲ ಮೂಲವನ್ನು ಅಲ್ಲಿಯೇ ಹುಡುಕಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಒಂಟಿ ಯತ್ನಗಳು ಮೊದಲೇ ಇಲ್ಲದಿರಲಿಲ್ಲ. 1980ರ ದಶಕದಲ್ಲಿ ಕ್ಯಾರಲ್ ವೈಟ್ ಎಂಬವರು ಜಾರ್ಜಿಯಾ ಟೆಕ್ ವಿದ್ಯಾಲಯದ ತಂಡದಲ್ಲಿ ಚೆಂಡು ಒದೆಯುವವರನ್ನು ಪಳಗಿಸಿದ್ದರು. 2010ರಲ್ಲಿ ನಟಾಲಿ ರ‍್ಯಾಂಡಾಲ್ಫ್ ವಾಷಿಂಗ್ಟನ್ ನಗರದ ಕೂಲಿಜ್ ಪ್ರೌಢಶಾಲೆಯ ಮುಖ್ಯ ತರಬೇತುದಾರರಾದರು. ಅವರು ವಿಜ್ಞಾನದ ಅಧ್ಯಾಪಕಿ, ಮಹಿಳೆಯರ ತಂಡವಾದ ಡಿ.ಸಿ. ದಿವಾಸ್‌ನಲ್ಲಿ ಆಡಿದ್ದವರು.

ಬಾಗಿಲು ತೆರೆದುದು ಎಲ್ಲಿಂದ ಎಂಬುದನ್ನು ಅರಿಯಬೇಕಾದರೆ ಈ ಆಟದ ವ್ಯವಸ್ಥೆಯನ್ನು ಸ್ವಲ್ಪ ನೋಡಬೇಕು. ಒಂದು ತಂಡಕ್ಕೆ ಒಬ್ಬನೇ ಗುರುವಲ್ಲ. ಮುಖ್ಯ ತರಬೇತುದಾರನ ಕೆಳಗೆ ಆಕ್ರಮಣಕ್ಕೆ ಒಬ್ಬ, ರಕ್ಷಣೆಗೆ ಒಬ್ಬ, ಒದೆತದ ಸಂದರ್ಭಗಳಿಗೆ ಒಬ್ಬ ಎಂದು ಸಂಯೋಜಕರು. ಅವರ ಕೆಳಗೆ ಒಂದೊಂದು ಸ್ಥಾನದ ಆಟಗಾರರಿಗೆ ಒಬ್ಬೊಬ್ಬ ಶಿಕ್ಷಕ. ಎಲ್ಲರಿಗಿಂತ ಕೆಳಗೆ ಕ್ವಾಲಿಟಿ ಕಂಟ್ರೋಲ್ ಎಂಬ ಹೆಸರಿನ ಸಹಾಯಕರು. ಈ ಕೊನೆಯವರ ಕೆಲಸವೆಂದರೆ ಎದುರಾಳಿಗಳ ಪಂದ್ಯಗಳ ಚಿತ್ರಗಳನ್ನು ಹಗಲಿರುಳು ನೋಡಿ, ಯಾವ ಸನ್ನಿವೇಶದಲ್ಲಿ ಯಾರು ಯಾವ ವ್ಯೂಹವನ್ನು ರಚಿಸುತ್ತಾರೆಂಬುದನ್ನು ವಿಂಗಡಿಸಿ, ಮೇಲಿನವರ ಕೈಗೆ ಒಪ್ಪಿಸುವುದು. ಇಲ್ಲಿ ಬೇಕಾದುದು ಬಾಹುಬಲವಲ್ಲ. ಕಣ್ಣು, ನೆನಪು, ಸಹನೆ.

2015ರಲ್ಲಿ ಆರಿಜೋನಾ ಕಾರ್ಡಿನಲ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದ ಬ್ರೂಸ್ ಏರಿಯನ್ಸ್ ಅವರನ್ನು, ಮಹಿಳೆಯರು ಈ ವೃತ್ತಿಗೆ ಬರಬಲ್ಲರೆ ಎಂದು ಪತ್ರಕರ್ತರು ಕೇಳಿದಾಗ, ಆಟಗಾರನನ್ನು ಉತ್ತಮಗೊಳಿಸಬಲ್ಲೆವೆಂದು ತೋರಿಸಿಕೊಟ್ಟ ದಿನವೇ ಅವರಿಗೆ ಕೆಲಸ ದೊರೆಯುವುದೆಂಬ ಅರ್ಥದ ಉತ್ತರವನ್ನು ಅವರು ಕೊಟ್ಟರು. ಆ ಮಾತನ್ನು ಆಡಿ ಮರೆಯದೆ, ಅದೇ ಬೇಸಗೆಯಲ್ಲಿ ಜೆನ್ ವೆಲ್ಟರ್ ಎಂಬವರನ್ನು ಅಭ್ಯಾಸ ಶಿಬಿರದ ಅವಧಿಗೆ ರಕ್ಷಣಾ ವಿಭಾಗದ ಲೈನ್‌ಬ್ಯಾಕರ್ ಆಟಗಾರರ ಶಿಕ್ಷಕಿಯಾಗಿ ನೇಮಿಸಿದರು. ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ವೆಲ್ಟರ್ ಹತ್ತು ವರ್ಷಗಳಿಗೂ ಮೀರಿ ಮಹಿಳೆಯರ ತಂಡಗಳಲ್ಲಿ ಆಡಿದ್ದರು, ತಮ್ಮ ದೇಶಕ್ಕಾಗಿ ಎರಡು ವಿಶ್ವ ಸ್ಪರ್ಧೆಗಳಲ್ಲಿ ಚಿನ್ನ ಗೆದ್ದಿದ್ದರು, ಟೆಕ್ಸಸ್ಸಿನ ಪುರುಷರ ಒಳಾಂಗಣ ತಂಡವೊಂದರಲ್ಲಿ ಗಂಡಸರ ಜೊತೆಗೂ ಆಡಿ, ಬಳಿಕ ಅದೇ ತಂಡದಲ್ಲಿ ಕಲಿಸಿದ್ದರು. ಪಂದ್ಯಕ್ಕೊಂದು ಡಾಲರಿನಂತೆ ಇಡೀ ಋತುವಿಗೆ ಆಕೆಗೆ ಒಮ್ಮೆ ಸಂದ ಸಂಭಾವನೆ 12 ಡಾಲರು ಎಂದರೆ ಆ ಶ್ರದ್ಧೆ ಎಷ್ಟರದೆಂಬುದು ತಿಳಿದೀತು. ಅದೇ ವರ್ಷ ಸಾರಾ ಥಾಮಸ್ ಲೀಗಿನ ಮೊದಲ ಪೂರ್ಣಾವಧಿ ಮಹಿಳಾ ತೀರ್ಪುಗಾರರೂ ಆದರು. ಆದರೆ ವೆಲ್ಟರ್ ಅವರ ಅವಧಿ ನಿಜವಾದ ಋತು ಆರಂಭವಾಗುವ ಮೊದಲೇ ಮುಗಿದುಹೋಯಿತು.

ಮರುವರ್ಷ ಕ್ಯಾಥ್ರಿನ್ ಸ್ಮಿತ್ ಬಫಲೋ ಬಿಲ್ಸ್ ತಂಡದಲ್ಲಿ ಲೀಗಿನ ಮೊದಲ ಪೂರ್ಣಾವಧಿ ಮಹಿಳಾ ತರಬೇತುದಾರರಾದರು. ಹೊಣೆ ಮೇಲೆ ಹೇಳಿದ ಕ್ವಾಲಿಟಿ ಕಂಟ್ರೋಲ್. 2003ರಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಕಚೇರಿಗೆ ಕಿರಿಯ ಸಹಾಯಕಿಯಾಗಿ ಸೇರಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದ ಅವರನ್ನು ಆರಿಸಿದವರು ಆಗ ಬಿಲ್ಸ್ ತಂಡದ ಮುಖ್ಯ ತರಬೇತುದಾರರಾಗಿದ್ದ ರೆಕ್ಸ್ ರಯನ್. ಆದರೆ ಆ ಋತುವಿನ ಕೊನೆಯಲ್ಲಿ ರಯನ್ ಕೆಲಸ ಕಳೆದುಕೊಂಡೊಡನೆ, ಹೊಸದಾಗಿ ಬಂದವರು ಸ್ಮಿತ್ ಅವರನ್ನೂ ಉಳಿಸಿಕೊಳ್ಳಲಿಲ್ಲ. ಒಬ್ಬ ಸಜ್ಜನನ ಔದಾರ್ಯದಿಂದ ತೆರೆದ ಬಾಗಿಲು ಅವನು ಹೊರನಡೆದಾಗ ಮುಚ್ಚಿಕೊಳ್ಳುತ್ತದೆಯೆಂಬ ಕಹಿಸತ್ಯ ಹೀಗೆ ಬಹುಬೇಗನೆ ತಿಳಿದುಬಂದಿತು.

ಕಾಲೇಜುಗಳ ಪ್ರಥಮ ಶ್ರೇಣಿಯಲ್ಲಿ ಮಹಿಳೆಯರನ್ನು ಪೂರ್ಣಾವಧಿಗೆ ನೇಮಿಸುವ ಕಾರ್ಯ ಮೊದಲಾದುದು ಹ್ಯಾನೋವರ್ ಎಂಬ ಪುಟ್ಟ ಊರಿನ ಡಾರ್ಟ್‌ಮತ್ ಕಾಲೇಜಿನಲ್ಲಿ. ಅಲ್ಲಿ ಗುರುವಾಗಿದ್ದ ಬಡಿ ಟೀವನ್ಸ್ ಹಿಂದೆಯೇ, ಆಟಗಾರರ ತಲೆಗೆ ಪೆಟ್ಟಾಗಬಾರದೆಂದು, ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡಹುವುದನ್ನೇ ನಿಲ್ಲಿಸಿ ರೂಢಿಯನ್ನು ಮೀರಿದ್ದವರು. 2018ರಲ್ಲಿ ಅವರು ಕ್ಯಾಲೀ ಬ್ರೌನ್‌ಸನ್ ಅವರನ್ನು ಮೊದಲು ಶಿಬಿರಕ್ಕೆ ಕರೆದು, ಕೆಲಸವನ್ನು ಕಣ್ಣಾರೆ ನೋಡಿ, ಅನಂತರ ಪೂರ್ಣಾವಧಿಗೆ ನೇಮಿಸಿದರು. ಮರುವರ್ಷ ಜೆನ್ನಿಫರ್ ಕಿಂಗ್ ಅವರಿಗೆ ಸ್ಥಾನ ಕೊಟ್ಟರು. 2023ರಲ್ಲಿ ಅಪಘಾತದ ಗಾಯಗಳಿಂದ ತೀರಿಕೊಂಡ ಈ ಪುಣ್ಯಾತ್ಮನ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸಬೇಕು, ಏಕೆಂದರೆ ಅವರಿಬ್ಬರೂ ಮುಂದೆ ವೃತ್ತಿಪರ ಲೀಗಿಗೆ ಏರಿದರು. 2020ರ ಸೆಪ್ಟೆಂಬರ್ 27ರಂದು ಕ್ಲೀವ್‌ಲೆಂಡ್ ಮತ್ತು ವಾಷಿಂಗ್ಟನ್ ತಂಡಗಳು ಎದುರಾದಾಗ ಆ ಬದಿಯಲ್ಲಿ ಬ್ರೌನ್‌ಸನ್, ಈ ಬದಿಯಲ್ಲಿ ಕಿಂಗ್, ಮೈದಾನದಲ್ಲಿ ತೀರ್ಪುಗಾರರಾಗಿ ಸಾರಾ ಥಾಮಸ್ ಇದ್ದರು. ಲೀಗಿನಲ್ಲಿ ಹಾಗೆ ನಡೆದುದು ಅದೇ ಮೊದಲು. ಅದೇ ವರ್ಷದ ನವೆಂಬರಿನಲ್ಲಿ ಕ್ಲೀವ್‌ಲೆಂಡಿನ ಶಿಕ್ಷಕರೊಬ್ಬರು ತಮ್ಮ ಮಗುವಿನ ಜನನದ ನಿಮಿತ್ತ ಬರಲಾರದೆ ಹೋದಾಗ, ಬ್ರೌನ್‌ಸನ್ ಆ ಶಿಕ್ಷಕರ ಸ್ಥಾನದಲ್ಲಿ ನಿಂತು ಒಂದು ವರ್ಗದ ಆಟಗಾರರನ್ನು ಪಂದ್ಯದಲ್ಲಿ ನಡೆಸಿದ ಮೊದಲ ಮಹಿಳೆಯೆನಿಸಿದರು. ಕಿಂಗ್ 2021ರಲ್ಲಿ ಈ ಲೀಗಿನ ಮೊದಲ ಪೂರ್ಣಾವಧಿ ಕಪ್ಪುವರ್ಣೀಯ ಮಹಿಳಾ ಸಹಾಯಕ ತರಬೇತುದಾರರಾದರು.

ಅಷ್ಟರಲ್ಲಿ ಕೇಟೀ ಸೋವರ್ಸ್ 2020ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಂಡದೊಡನೆ ಸೂಪರ್ ಬೌಲ್ ಎಂಬ ಮಹಾಪಂದ್ಯಕ್ಕೆ ಹೋದ ಮೊದಲ ಮಹಿಳಾ ತರಬೇತುದಾರರಾಗಿದ್ದರು. ಅವರ ತಂಡ 31-20ರಲ್ಲಿ ಸೋತಿತು. ಮರುವರ್ಷ ಟ್ಯಾಂಪಾ ಬೇ ಗೆದ್ದಾಗ ಆ ತಂಡದಲ್ಲಿ ಲೋರಿ ಲೋಕಸ್ಟ್ ಮತ್ತು ಮಾರಲ್ ಜಾವದಿಫರ್ ಎಂಬ ಇಬ್ಬರು ಮಹಿಳೆಯರಿದ್ದರು. ಲೋಕಸ್ಟ್ ಫುಟ್‌ಬಾಲ್ ಆಡಲು ತೊಡಗಿದುದೇ 40ರ ವಯಸ್ಸಿನಲ್ಲಿ. ಇಬ್ಬರನ್ನೂ ಕರೆತಂದವರು, ಅಚ್ಚರಿಯಿಲ್ಲ, ಅಷ್ಟರಲ್ಲಿ ಈ ತಂಡಕ್ಕೆ ಬಂದಿದ್ದ ಆ ಬ್ರೂಸ್ ಏರಿಯನ್ಸ್ ಅವರೇ.

ವ್ಯಕ್ತಿಗಳ ಔದಾರ್ಯ ನಿಯಮವಾಗಿ ಮಾರ್ಪಡುವುದಕ್ಕೆ ಇನ್ನೂ ಕಾಲ ಹಿಡಿಯಿತು. 2017ರಿಂದ ಲೀಗು ಈ ವೃತ್ತಿಗೆ ಬರಬಯಸುವ ಮಹಿಳೆಯರನ್ನೂ ತಂಡಗಳ ಹಿರಿಯರನ್ನೂ ಎದುರುಬದುರು ಕೂರಿಸುವ ವಾರ್ಷಿಕ ಸಭೆಯನ್ನು ನಡೆಸತೊಡಗಿತು. 2022ರಲ್ಲಿ ಪ್ರತಿಯೊಂದು ತಂಡವೂ ಆಕ್ರಮಣ ವಿಭಾಗದಲ್ಲಿ ಅಲ್ಪಸಂಖ್ಯಾತ ಜನಾಂಗದವರನ್ನು ಅಥವಾ ಮಹಿಳೆಯನ್ನು ಸಹಾಯಕ ತರಬೇತುದಾರರಾಗಿ ನೇಮಿಸಲೇಬೇಕೆಂದು ವಿಧಿಸಿತು. ಇದೇ ನನಗೆ ಅತಿ ಮುಖ್ಯವಾದ ಹೆಜ್ಜೆಯಾಗಿ ಕಾಣುತ್ತದೆ. ಒಬ್ಬ ಏರಿಯನ್ಸ್, ಒಬ್ಬ ಟೀವನ್ಸ್ ಎಲ್ಲ ಊರುಗಳಲ್ಲಿಯೂ ಹುಟ್ಟುವುದಿಲ್ಲ. 32 ತಂಡಗಳಲ್ಲಿ ಯಾವುದೂ ಇದುವರೆಗೆ ಮಹಿಳೆಯೊಬ್ಬರನ್ನು ಮುಖ್ಯ ತರಬೇತುದಾರರ ಪದವಿಗೆ ಆರಿಸಿಲ್ಲ. ಕೆಳಗಿನ ಮೆಟ್ಟಿಲುಗಳಲ್ಲಿ ಯೋಗ್ಯತೆಯನ್ನು ತೋರಿಸಿದವರು ಈಗ ಹಲವರಿರುವುದರಿಂದ, ಆ ತಂಡಗಳ ಒಡೆಯರು ಇನ್ನು ಕಾಯುವುದಕ್ಕೆ ಯಾವ ನ್ಯಾಯವಾದ ಕಾರಣವೂ ಉಳಿದಿಲ್ಲ.