ಮುದ್ದಾಂ ಚೀಲದಿಂದ ಸರ್ವರ್‌ವರೆಗೆ

ಸರಗೂರು ತಾಲ್ಲೂಕಾದದ್ದು 2018ರಲ್ಲಿ. ಅಲ್ಲಿಯವರೆಗೆ ಅದು ಎಚ್.ಡಿ. ಕೋಟೆಯ ಒಂದು ಹೋಬಳಿ. ತಹಶೀಲ್ದಾರರ ಸಹಿ ಬೇಕೆಂದರೆ ಕೋಟೆಯ ಬಸ್ಸು ಹತ್ತಬೇಕಿತ್ತು. ಇಂಥ ಕಚೇರಿಗಳ ನಡುವೆ ಕಾಗದ ಓಡಾಡುತ್ತಿದ್ದುದು ಮುದ್ದಾಂ ಟಪಾಲಿನಲ್ಲಿ, ಅಂದರೆ ಆಳಿನ ಕೈಯಲ್ಲಿ ಹೋಗುವ ಚೀಲದಲ್ಲಿ. ಚೀಲದ ಜೊತೆ ಒಂದು ಪಟ್ಟಿ. ಪಟ್ಟಿಯಲ್ಲಿದ್ದು ಚೀಲದಲ್ಲಿಲ್ಲದ ಕಾಗದವನ್ನು ಗುಮಾಸ್ತರು ಮರುಟಪಾಲಿನಲ್ಲಿ ಕೇಳಿ ತರಿಸಿಕೊಳ್ಳುತ್ತಿದ್ದರು.

ಕಂಪನಿಗಳ ಇಮೇಲ್ ಸರ್ವರ್ ಕೂಡ ಇದೇ ದಾರಿ ಹಿಡಿಯಿತು. ಒಂದು ಊರಿನ ಕಚೇರಿಯ ಕಡತ ಇನ್ನೊಂದು ಊರಿನಲ್ಲೂ ತೆರೆಯಬೇಕು, ನಡುವಿನ ಲೈನ್ ಮಾತ್ರ ಕಿರಿದು. 1989ರಲ್ಲಿ ಬಂದ ಲೋಟಸ್ ನೋಟ್ಸ್ ಇದಕ್ಕೆ ಉತ್ತರ ಕೊಟ್ಟಿತ್ತು: ಎರಡೂ ಕಡೆ ನಕಲು ಇರಲಿ, ಬದಲಾದದ್ದಷ್ಟೇ ಓಡಾಡಲಿ. 1996ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಹಂಚಿಕೆಯ ಫೋಲ್ಡರ್‌ಗಳನ್ನು ತಂದಾಗ ಆ ಬದಲಾವಣೆಗಳನ್ನು ಇಮೇಲ್‌ನಲ್ಲೇ ಕಟ್ಟಿ ಕಳಿಸಿತು. ಪ್ರತಿ ಬದಲಾವಣೆಗೂ ಒಂದು ಸಂಖ್ಯೆ. ನಡುವೆ ಯಾವುದಾದರೂ ಸಂಖ್ಯೆ ತಪ್ಪಿದರೆ ಆಚೆಯ ಸರ್ವರ್ ಕೆಲವು ಗಂಟೆ ಕಾದು, ಬರದಿದ್ದರೆ ತಾನೇ ಕೇಳುತ್ತಿತ್ತು. ನಮ್ಮ ಗುಮಾಸ್ತರು ಮಾಡುತ್ತಿದ್ದುದೂ ಇದನ್ನೇ.

ತೊಡಕು ಬೇರೆ ಕಡೆ ಇತ್ತು. ಫೋಲ್ಡರ್‌ನಲ್ಲಿರುವ ಒಂದು ಪತ್ರಕ್ಕೆ ಐದು ಎಂಬಿ ನಕ್ಷೆ ಲಗತ್ತಾಗಿದೆ ಅನ್ನಿ. ಯಾರೋ ವಿಷಯದ ಸಾಲಿನಲ್ಲಿ ಒಂದು ಅಕ್ಷರ ತಿದ್ದುತ್ತಾರೆ. ಹೋಗುವುದು ಆ ಅಕ್ಷರವಲ್ಲ, ನಕ್ಷೆಯ ಸಮೇತ ಇಡೀ ಪತ್ರ, ಅದೂ ನಕಲಿರುವ ಪ್ರತಿ ಸರ್ವರ್‌ಗೆ. 64 ಕೆಬಿಪಿಎಸ್ ಲೈನ್‌ನಲ್ಲಿ ಅದಕ್ಕೆ ಹತ್ತು ನಿಮಿಷಕ್ಕೂ ಮೇಲೆ ಬೇಕು; ಅಷ್ಟು ಹೊತ್ತು ಉಳಿದವರ ಟಪಾಲು ಅದೇ ಕಿರಿದಾದ ದಾರಿಯಲ್ಲಿ ನುಸುಳಬೇಕು. ಸರ್ವರ್ ನೋಡಿಕೊಳ್ಳುವವರು ದೊಡ್ಡ ಫೋಲ್ಡರ್‌ಗಳ ನಕಲನ್ನು ರಾತ್ರಿಗೆ ತಳ್ಳಿದರು, ಬೇಡದ ಊರುಗಳ ನಕಲು ತೆಗೆದರು. ಈ ಎರಡನೆಯ ಕೆಲಸವೇ ಹೆಚ್ಚು ಫಲ ಕೊಟ್ಟಿತೆಂದು ನನ್ನ ಅಭಿಪ್ರಾಯ. ಓದುವವರೇ ಇಲ್ಲದ ಊರಿಗೆ ಕಡತ ಕಳಿಸಿ ಯಾರಿಗೆ ಉಪಯೋಗ?

ಎಲ್ಲ ನಕಲಿನಲ್ಲೂ ಬರೆಯಲು ಬಿಟ್ಟರೆ ಇನ್ನೊಂದು ಕಷ್ಟ. ಇಬ್ಬರು ಒಂದೇ ಪತ್ರವನ್ನು ಬೇರೆ ಬೇರೆ ಊರಿನಲ್ಲಿ ತಿದ್ದಿದರೆ ಯಾವುದು ನಿಜ? ಯಂತ್ರ ಎರಡನ್ನೂ ಎದುರಿಗಿಟ್ಟು, ಮನುಷ್ಯರೇ ತೀರ್ಮಾನಿಸಲಿ ಎನ್ನುತ್ತಿತ್ತು. 2013ರ ಎಕ್ಸ್‌ಚೇಂಜ್‌ನಲ್ಲಿ ಮೈಕ್ರೋಸಾಫ್ಟ್ ಆ ಹಳೆಯ ಪದ್ಧತಿಯನ್ನೇ ಬಿಟ್ಟಿತು. ಬರೆಯುವ ಪ್ರತಿ ಇನ್ನು ಒಂದೇ.

ಕರ್ನಾಟಕದ ಕಂದಾಯ ಇಲಾಖೆ ಆ ಹೊತ್ತಿಗಾಗಲೇ ಬಹುಕಾಲದಿಂದ ಹಾಗೇ ನಡೆಯುತ್ತಿತ್ತು. 2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗ್ರಾಮಲೆಕ್ಕಿಗರ ಕೈಬರಹದ ವಹಿಗಳಿಂದ ತಾಲ್ಲೂಕಿನ ಕಂಪ್ಯೂಟರಿಗೆ ತಂದಿತು. ಆಮೇಲೆ ಕೈಬರಹದ ಪಹಣಿಗೆ ಮಾನ್ಯತೆ ಉಳಿಯಲಿಲ್ಲ. ದತ್ತಾಂಶ ಹುಟ್ಟುತ್ತಿದ್ದುದೂ ತಿದ್ದುತ್ತಿದ್ದುದೂ ತಾಲ್ಲೂಕಿನಲ್ಲಿ, ನಕಲು ಬೆಂಗಳೂರಿನಲ್ಲಿ. ತಿದ್ದುವವರು ಮೊದಲು ಬೆರಳಚ್ಚು ಕೊಡಬೇಕು. ಒಂದು ಎಕರೆ ಹೊಲದ ಖಾತೆ ತಾಯಿಯ ಹೆಸರಿನಿಂದ ಮಗಳಿಗೆ ಬರುವಾಗ ಅದನ್ನು ದಾಖಲಿಸಿದ್ದು ಯಾರ ಬೆರಳು ಎಂಬುದು ಉಳಿಯುತ್ತದೆ. ಪಹಣಿಯನ್ನು ಎಷ್ಟು ಊರಿನಲ್ಲಿ ಬೇಕಾದರೂ ಪ್ರಿಂಟ್ ತೆಗೆಯಲಿ, ತಿದ್ದುವ ಪ್ರತಿ ಮಾತ್ರ ಒಂದೇ.